ಬೆಳಗಾವಿಯಿಂದ ಗೋವಾಕ್ಕೆ: ಘಾಟ್ ಬದಲಿಸುತ್ತ ಬಂದ ದಾರಿ

ಬೆಳಗಾವಿಯಲ್ಲಿ ಗೋವಾಕ್ಕೆ ಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ. ಚೋರ್ಲಾ ಘಾಟ್ ಮೇಲೆ ಹೋಗ್ತೀರಾ, ಅನಮೋಡ ಘಾಟ್ ಮೇಲೆ ಹೋಗ್ತೀರಾ? ರಾಷ್ಟ್ರೀಯ ಹೆದ್ದಾರಿ ಅಂತ ಮೊದಲಿನಿಂದ ಹೆಸರಿರುವುದು ಅನಮೋಡ ದಾರಿಗೆ. ಹಳೇ ನಂಬರು 4ಎ, 2010ರಲ್ಲಿ ಹೆದ್ದಾರಿಗಳ ನಂಬರು ಬದಲಾದ ಮೇಲೆ 748. ಆದರೂ ಕಾರಿನವರು ಜಾಸ್ತಿ ಹಿಡಿಯುವುದು ಚೋರ್ಲಾ ದಾರಿಯನ್ನೇ. ಹೀಗೇಕಾಯಿತು ಅಂತ ಹುಡುಕಿದರೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಬೆಳಗಾವಿಯ ಜನ ಸಮುದ್ರಕ್ಕೆ ಯಾವ ಘಾಟ್ ಇಳಿದು ಹೋಗಬೇಕು ಅನ್ನುವುದನ್ನು ಬೆಟ್ಟ ತೀರ್ಮಾನಿಸಲಿಲ್ಲ. ಕೆಳಗಿನ ಕರಾವಳಿ ಯಾರ ಕೈಯಲ್ಲಿತ್ತು ಅನ್ನುವುದು ತೀರ್ಮಾನಿಸಿತು.

ಘಟ್ಟದ ಮೇಲೂ ಕೆಳಗೂ ಒಬ್ಬರದೇ ಆಳ್ವಿಕೆ ಇದ್ದ ಕಾಲವೂ ಇತ್ತು. ಗೋವಾದ ಕದಂಬರಿಗೆ ಖಾನಾಪುರ ತಾಲೂಕಿನ ಹಲಸಿ ಇನ್ನೊಂದು ರಾಜಧಾನಿಯಂತೆ ಇತ್ತು. ಹಲಸಿಯ ಭೂವರಾಹ ನರಸಿಂಹ ಗುಡಿ ಆ ಕಾಲದ್ದು. ಅನಮೋಡ ಘಾಟ್ ಇಳಿದ ಮೇಲೆ ಕಾಡಿನೊಳಗೆ ಸಿಗುವ ತಾಂಬ್ಡಿ ಸುರ್ಲಾದ ಮಹಾದೇವ ಗುಡಿಯೂ ಅವರ ಕಾಲದ್ದೇ. ಎರಡನ್ನೂ ನೋಡಿದವರಿಗೆ ಈ ಬೆಟ್ಟದಲ್ಲಿ ಜನರ ಓಡಾಟ ಎಷ್ಟು ಹಳೆಯದು ಅಂತ ಬೇರೆ ಹೇಳಬೇಕಿಲ್ಲ.

1818ರಲ್ಲಿ ಬ್ರಿಟಿಷರು ಬೆಳಗಾವಿ ಕೋಟೆ ಹಿಡಿದಾಗ ಗೋವಾ ಪೋರ್ಚುಗೀಸರ ಬಳಿ ಇತ್ತು. ಹತ್ತಿರದ ಬಂದರು ಪರರಾಜ್ಯದ್ದು. ಹಾಗಾಗಿ ದಂಡಿನ ಸಾಮಾನು, ಹತ್ತಿ ಎಲ್ಲವೂ ಗೋವಾದ ಉತ್ತರಕ್ಕಿರುವ ವೆಂಗುರ್ಲಾ ಬಂದರಿನ ಕಡೆ ತಿರುಗಿದವು. ಮೊದಲು ರಾಮಘಾಟ್. ಅದು ಕಡಿದಾದ ದಾರಿ, ಎತ್ತಿನಗಾಡಿಗೆ ಬಲು ಕಷ್ಟ. 19ನೇ ಶತಮಾನದ ಎರಡನೇ ಅರ್ಧದಲ್ಲಿ ಅಂಬೋಲಿ ಘಾಟ್‌ನಲ್ಲಿ ಒಳ್ಳೆಯ ಬಂಡಿರಸ್ತೆ ಆಯಿತು. ಅಲ್ಲಿಂದ ಮುಂದೆ ಕೆಲವು ದಶಕ ವೆಂಗುರ್ಲಾವೇ ಬೆಳಗಾವಿಯ ಬಂದರು.

ಅದನ್ನು ಬದಲಿಸಿದ್ದು ಒಂದು ಒಪ್ಪಂದ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಸುಂಕ, ಉಪ್ಪು, ರೈಲು ಎಲ್ಲ ಸೇರಿಸಿ ಕರಾರು ಮಾಡಿಕೊಂಡರು. ಮರ್ಮಗೋವಾ ಬಂದರಿನಿಂದ ದೂಧಸಾಗರ ಜಲಪಾತದ ಪಕ್ಕದಲ್ಲೇ ಘಟ್ಟ ಹತ್ತಿ ಕ್ಯಾಸಲ್‌ರಾಕ್‌ಗೆ ಬರುವ ಮೀಟರ್‌ಗೇಜ್ ಹಳಿ 1880ರ ದಶಕದಲ್ಲಿ ತಯಾರಾಯಿತು. ಲೋಂಡಾ ದೊಡ್ಡ ಜಂಕ್ಷನ್ ಆಯಿತು. ವೆಂಗುರ್ಲಾದ ವ್ಯಾಪಾರ ಇಳಿಯಿತು. ಅನಮೋಡದ ರಸ್ತೆ ಮಾತ್ರ ರೈಲಿನ ನೆರಳಲ್ಲೇ ಉಳಿಯಿತು. ಸರಕೆಲ್ಲ ಹಳಿಯ ಮೇಲೆ ಹೋಗುವಾಗ ಘಾಟ್ ರಸ್ತೆಗೆ ಯಾರು ದುಡ್ಡು ಹಾಕುತ್ತಾರೆ?

ಈ ಹಾದಿಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು 1946ರಿಂದ 1961ರವರೆಗಿನ ಹದಿನೈದು ವರ್ಷ. ಗೋವಾ ಬಿಡುಗಡೆಯ ಹೋರಾಟ ಅಂದರೆ ಪಣಜಿ, ಮಡಗಾಂವ್ ಅಂತಷ್ಟೇ ಓದುತ್ತೇವೆ. ಅದರ ಬೇರು ಖಾನಾಪುರ ತಾಲೂಕಿನಲ್ಲೂ ಇದೆ. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವದಲ್ಲಿ ನಿಷೇಧ ಮುರಿದು ಸಭೆ ಮಾಡಿದರು. ಎರಡೇ ತಿಂಗಳಲ್ಲಿ ಗೋವಾದ ಹೋರಾಟಗಾರರು ಗಡಿಯ ಈಚೆ ಲೋಂಡಾದಲ್ಲಿ ಸೇರಿ ನ್ಯಾಷನಲ್ ಕಾಂಗ್ರೆಸ್ (ಗೋವಾ) ಕಟ್ಟಿದರು. ಸೆಪ್ಟೆಂಬರಿನಲ್ಲಿ ಲೋಹಿಯಾ ಮತ್ತೆ ರೈಲು ಹತ್ತಿ ಹೋದರು. ಘಟ್ಟ ಇಳಿದ ಕೂಡಲೇ ಕುಳೆ ಸ್ಟೇಷನ್ನಿನಲ್ಲಿ ಅವರನ್ನು ಹಿಡಿದು ಅಗ್ವಾದ ಕೋಟೆಯಲ್ಲಿ ಇಟ್ಟರು.

1955ರಲ್ಲಿ ಭಾರತ ಸರಕಾರ ಗೋವಾದ ಗಡಿ ಬಿಗಿ ಮಾಡಿತು. ರೈಲು ನಿಂತಿತು, ವ್ಯಾಪಾರ ನಿಂತಿತು. ಕಸ್ಟಮ್ಸ್ ತಪಾಸಣೆಗೆ ಹೆಸರಾಗಿದ್ದ ಕ್ಯಾಸಲ್‌ರಾಕ್ ಹಳಿಯ ಕೊನೆಯ ಊರಾಯಿತು. ಆರು ವರ್ಷ ಕಳೆದು 1961ರ ಡಿಸೆಂಬರಿನಲ್ಲಿ ಸೇನೆ ಬಂತು. 17ನೇ ಡಿವಿಷನ್ ಬೆಳಗಾವಿ ಭಾಗದಲ್ಲಿ ಸೇರಿತು. ಸಾಂಬ್ರಾ ವಿಮಾನ ನಿಲ್ದಾಣವೂ ಕಾರ್ಯಾಚರಣೆಗೆ ಬಳಕೆಯಾಯಿತು. 63ನೇ ಬ್ರಿಗೇಡ್ ಅನಮೋಡದಿಂದ ಇಳಿದು ಮೊಲೆಂ ದಾಟಿ ಫೋಂಡಾದ ಕಡೆ ನಡೆಯಿತು. ಹಿಂದೆ ಸರಿಯುತ್ತಿದ್ದ ಪೋರ್ಚುಗೀಸರು ದಾರಿಯ ಸೇತುವೆಗಳನ್ನು ಸಿಡಿಸಿದರು. 19ರ ರಾತ್ರಿ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾದರು. ಅನಮೋಡ ಘಾಟ್‌ಗೆ ರೈಲನ್ನು ಮೀರಿದ ಬೆಲೆ ಬಂದದ್ದು ಆಮೇಲೆಯೇ.

ಮುಂದೆ ಇದೇ ದಾರಿ 4ಎ ಆಯಿತು. ಬೆಳಗಾವಿ, ಖಾನಾಪುರ, ಲೋಂಡಾ, ರಾಮನಗರ, ಅನಮೋಡ, ಮೊಲೆಂ, ಫೋಂಡಾ, ಪಣಜಿ. ಒಟ್ಟು 153 ಕಿ.ಮೀ. ನಡುವಿನ ರಾಮನಗರ ಸೂಪಾ ಅಣೆಕಟ್ಟಿನಲ್ಲಿ ಊರು ಮುಳುಗಿದವರಿಗೆ ಕೊಟ್ಟ ನೆಲೆ. ಕಾಯಿಪಲ್ಯ, ಹಾಲು, ತತ್ತಿ ಹೊತ್ತ ಟೆಂಪೊಗಳು ಬೆಳಗಾವಿಯಿಂದ ದಿನಾ ಗೋವಾಕ್ಕೆ ಇಳಿಯುತ್ತವೆ. ಗೋವಾದ ಮನೆಗಳಲ್ಲಿ ಬೇಯುವ ತರಕಾರಿಯಲ್ಲಿ ದೊಡ್ಡ ಪಾಲು ನಮ್ಮ ಜಿಲ್ಲೆಯದು. ಒಂದು ದಿನ ಘಾಟ್ ಬಂದ್ ಆದರೆ ಅಲ್ಲಿ ರೇಟು ಏರುತ್ತದೆ, ಇಲ್ಲಿ ರೈತನ ಮಾಲು ಬಾಡುತ್ತದೆ.

ಗಡಿಯ ತೊಂದರೆ ಮುಗಿದ ಮೇಲೆ ಕಾಡಿನ ಪ್ರಶ್ನೆ ಬಂತು. ರಾಮನಗರದ ಆಚೆಗೆ ರಸ್ತೆ ಹಾಯುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನಲ್ಲಿ. ಕೆಳಗೆ ಮೊಲೆಂ ರಾಷ್ಟ್ರೀಯ ಉದ್ಯಾನ. ನಾಲ್ಕು ಪಥದ ಕೆಲಸ ಖಾನಾಪುರದ ಕಡೆ ನಡೆಯಿತು, ಕಾಡಿನ ಭಾಗದಲ್ಲಿ ವರ್ಷಗಟ್ಟಲೆ ನಿಂತಿತು. ಅಗಲವೂ ಆಗಲಿಲ್ಲ, ಇದ್ದ ರಸ್ತೆಯ ರಿಪೇರಿಯೂ ಸರಿಯಾಗಿ ಆಗಲಿಲ್ಲ. 2020ರಲ್ಲಿ ಗೋವಾದಲ್ಲಿ ಹೆದ್ದಾರಿ ಅಗಲೀಕರಣ, ಜೋಡಿ ಹಳಿ, ವಿದ್ಯುತ್ ಲೈನ್ ಮೂರನ್ನೂ ವಿರೋಧಿಸಿ ಮೊಲೆಂ ಉಳಿಸಿ ಅಂತ ದೊಡ್ಡ ಚಳವಳಿ ಎದ್ದಿತು. ಆ ಯುವಕರ ಕಾಳಜಿ ನಿಜವಾದದ್ದು. ಆದರೆ ಕಾಡು ಉಳಿಸಬೇಕು ಅನ್ನುವುದಕ್ಕೂ ಗುಂಡಿ ಮುಚ್ಚಬಾರದು ಅನ್ನುವುದಕ್ಕೂ ಸಂಬಂಧವಿಲ್ಲ, ಅಲ್ವಾ? ಎರಡನ್ನೂ ಒಂದೇ ಕಡತದಲ್ಲಿ ಕಟ್ಟಿಟ್ಟದ್ದರಿಂದ ರಾಮನಗರ, ಲೋಂಡಾದ ಜನ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು ತಿನ್ನಬೇಕಾಯಿತು.

ವಾಹನಗಳು ಚೋರ್ಲಾ ಕಡೆ ಹೊರಳಿದ್ದಕ್ಕೆ ಇದು ಮುಖ್ಯ ಕಾರಣ. ಪಿರನವಾಡಿಯಲ್ಲಿ ತಿರುಗಿ ಕಿಣಯೆ, ಜಾಂಬೋಟಿ, ಕಣಕುಂಬಿ, ಚೋರ್ಲಾ, ಸಾಖಳಿ ಮೇಲೆ ಪಣಜಿ. ದೂರವೂ ಕಡಿಮೆ. ಈಗ ಅದಕ್ಕೂ 748ಎಎ ಅಂತ ರಾಷ್ಟ್ರೀಯ ಹೆದ್ದಾರಿಯ ನಂಬರು ಬಂದಿದೆ. ಆದರೆ ಅದೂ ಕಾಡೇ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಭೀಮಗಡ ಅಭಯಾರಣ್ಯ ಅಲ್ಲೇ ಮಗ್ಗುಲಲ್ಲಿದೆ, ಕೆಳಗೆ ಗೋವಾದ ಮಹಾದಾಯಿ ಅಭಯಾರಣ್ಯ. ಮಹಾದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ ಕಾಲುವೆಯ ಜಗಳ ನಡೆದಿರುವುದೂ ಕಣಕುಂಬಿಯ ನೆಲದಲ್ಲೇ. ಸಣ್ಣ ಹಳ್ಳಿರಸ್ತೆಯಾಗಿದ್ದ ಇದರ ಮೇಲೆ ಏಕಾಏಕಿ ಭಾರ ಬಿತ್ತು. ಕುಸಮಳಿಯಲ್ಲಿ ಮಲಪ್ರಭೆಯ ಹಳೇ ಸೇತುವೆ ತಡೆಯದೆ ಹೊಸದನ್ನು ಕಟ್ಟಬೇಕಾಯಿತು. 2025ರ ಮಳೆಗಾಲದಲ್ಲಿ ಅನಮೋಡ ಘಾಟ್‌ನಲ್ಲಿ ರಸ್ತೆಯ ಅಂಚು ಕುಸಿದು ಭಾರಿ ವಾಹನ ತಡೆದಾಗ ಎರಡೂ ದಾರಿಗಳ ಗತಿ ಒಂದೇ ಅಂತ ಗೊತ್ತಾಯಿತು.

ಜಗಳ ಈಗ ಘಾಟ್‌ನಲ್ಲಷ್ಟೇ ಇಲ್ಲ. ಬೆಳಗಾವಿ ಊರಿನ ಅಂಚಿಗೂ ಬಂದಿದೆ. ಪುಣೆ–ಬೆಂಗಳೂರು ಹೆದ್ದಾರಿಯ ಹಲಗಾದಿಂದ ಖಾನಾಪುರ ರಸ್ತೆಯ ಮಚ್ಛೆಗೆ ಬೈಪಾಸ್ ಮಾಡುವ ಯೋಜನೆಯ ವಿರುದ್ಧ ರೈತರು ಹತ್ತು ವರ್ಷಕ್ಕೂ ಮೇಲೆ ಹೋರಾಡುತ್ತಿದ್ದಾರೆ. ಶಹಾಪುರ, ವಡಗಾವಿ, ಅನಗೋಳ ಶಿವಾರದ ಕಪ್ಪು ಮಣ್ಣು ಅದು. ಮಳೆಗಾಲದಲ್ಲಿ ಬೆಳಗಾವಿ ಬಾಸುಮತಿ, ಹಿಂಗಾರಿಗೆ ಮಸೂರ, ಕಡಲೆ, ವಟಾಣಿ. ಒಬ್ಬೊಬ್ಬರದು ತುಂಡು ತುಂಡು ಹೊಲ. ನಡುವೆ ರಸ್ತೆ ಹಾದರೆ ಉಳಿಯುವ ಚೂರಿನಲ್ಲಿ ಬೇಸಾಯ ಆಗುವುದಿಲ್ಲ. ಮೊದಲೇ ಇಲ್ಲಿ ಹರಿಯುವ ಬಳ್ಳಾರಿ ನಾಲೆ ಅನ್ನುವ ಹಳ್ಳ ಉಕ್ಕಿ ಬೆಳೆ ಮುಳುಗುವ ಜಾಗ, ಮಣ್ಣಿನ ಏರಿ ಹಾಕಿದರೆ ನೀರು ಇನ್ನೂ ನಿಲ್ಲುತ್ತದೆ. 2021ರಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ಜೆಸಿಬಿ ಇಳಿಸಿದಾಗ ಹೆಣ್ಣುಮಕ್ಕಳು ಬೆಳೆಯ ನಡುವೆ ನಿಂತು ಅತ್ತರು.

ಕೋರ್ಟಿನಲ್ಲಿ ರೈತರು ಎತ್ತಿದ ಪ್ರಶ್ನೆ ಝೀರೋ ಪಾಯಿಂಟ್‌ನದು. 4ಎ ಹೆದ್ದಾರಿ ಶುರುವಾಗುವುದು ಬೆಳಗಾವಿ ಊರೊಳಗಿನ ಕ್ಯಾಂಪಿನ ಫಿಶ್ ಮಾರ್ಕೆಟ್ ಹತ್ತಿರ, ಹಲಗಾದಲ್ಲಿ ಅಲ್ಲ ಅನ್ನುವುದು ಅವರ ವಾದ. ಹಲಗಾದಲ್ಲಿ ಶುರುವೇ ಆಗದ ಹೆದ್ದಾರಿಗೆ ಅಲ್ಲಿಂದ ಬೈಪಾಸ್ ಹೇಗೆ ತೆಗೆಯುತ್ತೀರಿ ಅಂತ ಅವರು ಕೇಳುತ್ತಾರೆ. ನಕಾಶೆ ಬರೆಯುವ ದಿನವೇ ಈ ಶಿವಾರದ ರೈತರನ್ನು ಕೂರಿಸಿ ಕೇಳಿದ್ದರೆ ಊರಿನ ಸುತ್ತ ಬೇರೆ ಎಲ್ಲಿ ಜಾಗವಿದೆ ಅಂತ ಅವರೇ ತೋರಿಸುತ್ತಿದ್ದರು. ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.