‘ಬಂದಿಲ್ಲ’ವೋ ‘ಬರಲಿಲ್ಲ’ವೋ: ಪ್ರೆಸೆಂಟ್ ಪರ್ಫೆಕ್ಟಿನ ಒಳಲೆಕ್ಕ

‘ಬಸ್ ಬಂದಿಲ್ಲ’ ಎಂದವರು ಇನ್ನೂ ಸ್ಟಾಪಿನಲ್ಲಿ ಕಾಯುತ್ತಿದ್ದಾರೆ. ‘ಬಸ್ ಬರಲಿಲ್ಲ’ ಎಂದವರು ಆಟೊ ಹಿಡಿದು ಮನೆ ಸೇರಿರಬಹುದು. ಇಂಗ್ಲಿಷಿನಲ್ಲಿ ಮೊದಲನೆಯದು ‘ದ ಬಸ್ ಹ್ಯಾಸಂಟ್ ಕಮ್’, ಎರಡನೆಯದು ‘ದ ಬಸ್ ಡಿಡಂಟ್ ಕಮ್’. ಮೊದಲನೆಯದರ ಹ್ಯಾವ್-ಹ್ಯಾಸ್ ರೂಪವೇ ಪ್ರೆಸೆಂಟ್ ಪರ್ಫೆಕ್ಟ್. ಅದರ ಹೆಸರು ಕೇಳಿದರೆ ದಿಗಿಲುಬೀಳುವ ಕನ್ನಡಿಗರು ಈ ವ್ಯತ್ಯಾಸವನ್ನು ದಿನವೂ ಸಲೀಸಾಗಿ ಮಾಡುತ್ತಲೇ ಇರುತ್ತಾರೆ.

ತತ್ತ್ವಜ್ಞಾನಿ ಹಾನ್ಸ್ ರೈಶನ್‌ಬಾಕ್ 1947ರಲ್ಲಿ ಕ್ರಿಯಾಪದದ ಕಾಲವನ್ನು ಮೂರು ಬಿಂದುಗಳಾಗಿ ಬಿಡಿಸಿ ತೋರಿಸಿದರು: ಕೆಲಸ ನಡೆದ ಗಳಿಗೆ, ಮಾತಾಡುವ ಗಳಿಗೆ, ನಾವು ನಿಂತು ನೋಡುವ ಗಳಿಗೆ. ‘ಶಿ ಬ್ರೋಕ್ ಹರ್ ಲೆಗ್’ ಎಂದಾಗ ನೋಟ ಕಾಲು ಮುರಿದ ದಿನದಲ್ಲೇ ಇದೆ. ಕಾಲು ಎಂದೋ ವಾಸಿಯಾಗಿರಬಹುದು. ‘ಶಿ ಹ್ಯಾಸ್ ಬ್ರೋಕನ್ ಹರ್ ಲೆಗ್’ ಎಂದಾಗ ಕೆಲಸ ಹಿಂದಿನದು, ನೋಟ ಈಗಿನದು. ಕಾಲಿಗೆ ಇನ್ನೂ ಪ್ಲಾಸ್ಟರ್ ಇದೆ ಎಂದೇ ಕೇಳಿದವರು ತಿಳಿಯುತ್ತಾರೆ.

ರಚನೆ ಸುಲಭ: ಹ್ಯಾವ್ ಅಥವಾ ಹ್ಯಾಸ್, ಅದರ ಮುಂದೆ ಕ್ರಿಯಾಪದದ ಮೂರನೆಯ ರೂಪ. ‘ಸಾ’ ಅಲ್ಲ, ‘ಸೀನ್’. ‘ವೆಂಟ್’ ಅಲ್ಲ, ‘ಗಾನ್’.

ಎಡವುವುದು ಬೇರೆಡೆ. ‘ನಿನ್ನೆ ಹಣ ಕಟ್ಟಿದ್ದೇನೆ’ ಎಂಬುದು ಒಳ್ಳೆಯ ಕನ್ನಡವೇ. ಅದನ್ನೇ ‘ಐ ಹ್ಯಾವ್ ಪೇಯ್ಡ್ ಯೆಸ್ಟರ್‌ಡೇ’ ಎಂದರೆ ತಪ್ಪು. ‘ಹ್ಯಾವ್’ ನೋಟವನ್ನು ಇಂದಿಗೆ ಕಟ್ಟುತ್ತದೆ, ‘ಯೆಸ್ಟರ್‌ಡೇ’ ಹಿಂದಕ್ಕೆ ಎಳೆಯುತ್ತದೆ. ಮುಗಿದುಹೋದ ಸಮಯವನ್ನು ಹೆಸರಿಸಿದರೆ ‘ಐ ಪೇಯ್ಡ್’ ಸಾಕು. ‘ಟುಡೇ’, ‘ದಿಸ್ ವೀಕ್’ ಇನ್ನೂ ಮುಗಿಯದ ಸಮಯವಾದ್ದರಿಂದ ಅವುಗಳ ಜೊತೆ ‘ಹ್ಯಾವ್’ ಬರಬಹುದು.

ಅನುಮಾನ ಬಂದಾಗ ಕನ್ನಡ ವಾಕ್ಯವನ್ನೇ ನಿಷೇಧಕ್ಕೆ ತಿರುಗಿಸಿ ನೋಡಿ. ‘ಇನ್ನೂ ಕಟ್ಟಿಲ್ಲ’ ಎಂದು ಬಂದರೆ ‘ಹ್ಯಾವ್’. ‘ನಿನ್ನೆ ಕಟ್ಟಲಿಲ್ಲ’ ಎಂದು ಬಂದರೆ ಸರಳ ಭೂತಕಾಲ. ಆಡುಮಾತಿನಲ್ಲಿ ‘ನಿನ್ನೆ ಕಟ್ಟಿಲ್ಲ’ ಎನ್ನುವುದೂ ಉಂಟು. ಆದ್ದರಿಂದ ಬರವಣಿಗೆಯ ಕನ್ನಡದಲ್ಲಿ ಪರೀಕ್ಷಿಸುವುದು ಮೇಲು.

ಈ ಉಪಾಯ ಕೈಕೊಡುವುದು ‘ಇಂದ’ ಬಂದಾಗ. ‘ಹತ್ತು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದು ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಆಗಿಬಿಡುತ್ತದೆ. ಇದರಲ್ಲಿ ಎರಡು ತಪ್ಪುಗಳಿವೆ. ಹಿಂದೆ ಶುರುವಾಗಿ ಇಂದಿಗೂ ನಡೆದಿರುವ ಕೆಲಸಕ್ಕೆ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ಅವಧಿಯ ಉದ್ದ ಹೇಳುವಾಗ ‘ಫಾರ್ ಟೆನ್ ಇಯರ್ಸ್’, ಶುರುವಾದ ಬಿಂದು ಹೇಳುವಾಗ ‘ಸಿನ್ಸ್ 2015’.