ಹೋಸ್ನಿ ಮುಬಾರಕ್: ವಾಯುಪಡೆಯಿಂದ ಅಧ್ಯಕ್ಷ ಪದವಿಗೆ, ನಡುವೆ ಎಂಟು ದಿನಗಳ ಕಗ್ಗಂಟು

ಸೇನೆ ಮತ್ತು ರಾಜಕಾರಣ ಎಂಬ ಅಧ್ಯಾಯ ತೆರೆದರೆ ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾವ ಕೊಠಡಿಯಲ್ಲಾದರೂ ಮೊದಲು ಬರುವ ಹೆಸರುಗಳು ಪಾಕಿಸ್ತಾನದ ಅಯೂಬ್, ಜಿಯಾ, ಮುಷರಫ್. ಮೂವರೂ ಭೂಸೇನೆಯವರು. ಪದಾತಿ ದಳವನ್ನು ಬೀದಿಗಿಳಿಸಿ ರಾಜಧಾನಿಯನ್ನು ಹಿಡಿಯಬಹುದು. ಬರೀ ವಿಮಾನಗಳಿಂದ ಸಚಿವಾಲಯದ ಬಾಗಿಲು ಕಾಯಲಾಗುವುದಿಲ್ಲ. ಆದ್ದರಿಂದ ವಾಯುಪಡೆಯ ಅಧಿಕಾರಿಯೊಬ್ಬ ದೇಶದ ಚುಕ್ಕಾಣಿ ಹಿಡಿದರೆ, ಅವನು ಯಾವ ಮೆಟ್ಟಿಲು ಹತ್ತಿ ಬಂದ ಎಂಬುದನ್ನು ಬೇರೆಯಾಗಿಯೇ ಓದಬೇಕು. 1981ರಿಂದ 2011ರವರೆಗೆ ಈಜಿಪ್ಟಿನ ಅಧ್ಯಕ್ಷರಾಗಿದ್ದ ಮುಬಾರಕ್ ಅದಕ್ಕೆ ಒಳ್ಳೆಯ ಮಾದರಿ.

ನನ್ನ ಅಚ್ಚುಮೆಚ್ಚಿನ ಉಪಾಯ ಇದು: ಪ್ರತಿ ಹುದ್ದೆಯ ಮುಂದೆ ‘ಕೊಟ್ಟವರು ಯಾರು?’ ಎಂದು ಬರೆದುಕೊಳ್ಳಿ. 1967ರ ಜೂನ್ 5ರಂದು ಇಸ್ರೇಲ್ ಹಠಾತ್ ದಾಳಿ ನಡೆಸಿ ಈಜಿಪ್ಟಿನ ಬಹುಪಾಲು ಯುದ್ಧವಿಮಾನಗಳನ್ನು ನೆಲದ ಮೇಲೆಯೇ ಸುಟ್ಟುಹಾಕಿತು. ವಾಯುಪಡೆಯನ್ನು ಮತ್ತೆ ಕಟ್ಟಬೇಕಿತ್ತು, ಹೊಸ ಪೈಲಟ್‌ಗಳು ಬೇಕಿದ್ದರು. ಅದೇ ವರ್ಷ ಮುಬಾರಕ್ ವಾಯುಪಡೆ ಅಕಾಡೆಮಿಯ ಮುಖ್ಯಸ್ಥರಾದರು. 1969ರಲ್ಲಿ ವಾಯುಪಡೆಯ ಸಿಬ್ಬಂದಿ ಮುಖ್ಯಸ್ಥರು. ಇವೆರಡೂ ಅಂದಿನ ಅಧ್ಯಕ್ಷ ನಾಸೆರ್ ಕಾಲದವು. 1972ರಲ್ಲಿ ವಾಯುಪಡೆಯ ದಂಡನಾಯಕ ಪದವಿ, 1975ರ ಏಪ್ರಿಲ್‌ನಲ್ಲಿ ಉಪಾಧ್ಯಕ್ಷ ಪದವಿ: ಇವೆರಡನ್ನೂ ಕೊಟ್ಟವರು ನಾಸೆರ್ ನಂತರ ಅಧ್ಯಕ್ಷರಾದ ಸಾದತ್. ಎಲ್ಲಿಯೂ ಚುನಾವಣೆ ಇಲ್ಲ, ದಂಗೆಯೂ ಇಲ್ಲ. ಇಸವಿಗಳ ಅಂತರವನ್ನು 2, 3, 3, 6 ಎಂದು ಇಟ್ಟುಕೊಳ್ಳಿ: 1967, 1969, 1972, 1975, 1981. ಕೊನೆಗೆ 30 ಕೂಡಿಸಿದರೆ 2011, ಪದತ್ಯಾಗದ ವರ್ಷ. ಬಾಲ್ಯ, ಸೋವಿಯತ್ ಒಕ್ಕೂಟದಲ್ಲಿ ಪಡೆದ ತರಬೇತಿ ಇವೆಲ್ಲ ಉತ್ತರಕ್ಕೆ ಅಷ್ಟಾಗಿ ಬೇಕಿಲ್ಲ.

ಸಾದತ್ ಇವರನ್ನೇ ಏಕೆ ಆರಿಸಿದರು? 1973ರ ಅಕ್ಟೋಬರ್ 6ರಂದು ಇಸ್ರೇಲ್ ಜೊತೆ ಯುದ್ಧ ಶುರುವಾದಾಗ ಸೂಯೆಜ್ ಕಾಲುವೆಯಾಚೆ ಈಜಿಪ್ಟ್ ನಡೆಸಿದ ಮೊದಲ ವೈಮಾನಿಕ ದಾಳಿ ಮುಬಾರಕ್ ಅವರಿಗೆ ಹೆಸರು ತಂದಿತು. ಅವರಿಗಿಂತ ಹಿಂದೆ ಉಪಾಧ್ಯಕ್ಷರಾಗಿದ್ದ ಹುಸೇನ್ ಅಲ್ ಶಫೀ ದೊರೆಯನ್ನು ಇಳಿಸಿದ 1952ರ ಕ್ರಾಂತಿಯ ‘ಸ್ವತಂತ್ರ ಅಧಿಕಾರಿಗಳ’ ಬಳಗದವರು. ಮುಬಾರಕ್ ಆ ಬಳಗದವರಲ್ಲ. ಅಂದರೆ 1952ರ ಪೀಳಿಗೆ ಹಿಂದೆ ಸರಿದು 1973ರ ಪೀಳಿಗೆ ಮುಂದೆ ಬಂತು. ಆದರೆ ಯುದ್ಧದ ಕೀರ್ತಿಯೊಂದೇ ಸಾಲುತ್ತಿರಲಿಲ್ಲ. ಅದೇ ಯುದ್ಧದಲ್ಲಿ ಸೇನಾ ಸಿಬ್ಬಂದಿ ಮುಖ್ಯಸ್ಥರಾಗಿದ್ದ ಸಾದ್ ಅಲ್ ಶಾಜ್ಲಿ ಸಾದತ್ ಅವರೊಂದಿಗೆ ವಾದಕ್ಕೆ ನಿಂತು, ಹುದ್ದೆ ಕಳೆದುಕೊಂಡು ಲಂಡನ್ನಿಗೆ ರಾಯಭಾರಿಯಾಗಿ ಹೋದರು. ಸ್ವಂತ ಬಣವಿಲ್ಲದ, ಎದುರಾಡದ ಅಧಿಕಾರಿ ಮೇಲಿನವರಿಗೆ ಹೆಚ್ಚು ಹಿತ ಎಂದು ನಾನು ಓದಿಕೊಂಡಿದ್ದೇನೆ.

ಈಗ ಕಗ್ಗಂಟಿಗೆ ಬರೋಣ. 1981ರ ಅಕ್ಟೋಬರ್ 6ರಂದು, 1973ರ ಯುದ್ಧದ ನೆನಪಿನ ಕವಾಯತಿನಲ್ಲಿ, ಸಾದತ್ ಹತ್ಯೆಯಾಯಿತು. ಪಕ್ಕದಲ್ಲಿಯೇ ಕುಳಿತಿದ್ದ ಮುಬಾರಕ್ ಬದುಕುಳಿದರು. ‘ಅಧ್ಯಕ್ಷರು ಸತ್ತರು, ಉಪಾಧ್ಯಕ್ಷರು ಪದವಿಗೆ ಬಂದರು’ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗಬೇಡಿ. ಅಕ್ಟೋಬರ್ 6ರಿಂದ 14ರವರೆಗೆ ಹಂಗಾಮಿ ಅಧ್ಯಕ್ಷರಾಗಿದ್ದವರು ಸೂಫಿ ಅಬು ತಾಲಿಬ್, ಸಂಸತ್ತಿನ ಸ್ಪೀಕರ್. ಉಪಾಧ್ಯಕ್ಷರು ಜೀವಂತವಾಗಿದ್ದರೂ ಸ್ಪೀಕರ್ ಏಕೆ?

ನಮಗೆ ಇದು ವಿಚಿತ್ರವಾಗಿ ಕಾಣುವುದಕ್ಕೆ ಕಾರಣ ನಮ್ಮ ಸಂವಿಧಾನದ 65ನೇ ವಿಧಿ. 1977ರ ಫೆಬ್ರುವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಜಮಖಂಡಿ ಕಡೆಯ ಬಿ.ಡಿ. ಜತ್ತಿಯವರು ನೇರವಾಗಿ ಹಂಗಾಮಿ ರಾಷ್ಟ್ರಪತಿಯಾದರು. ಈಜಿಪ್ಟಿನಲ್ಲಿಯೂ 1970ರಲ್ಲಿ ನಾಸೆರ್ ತೀರಿಕೊಂಡಾಗ ಉಪಾಧ್ಯಕ್ಷ ಸಾದತ್ ಅವರೇ ಹಂಗಾಮಿಯಾಗಿದ್ದರು. ಆದರೆ ಮರುವರ್ಷ ಹೊಸ ಸಂವಿಧಾನ ಬಂತು. ಅದರ 84ನೇ ವಿಧಿಯ ಪ್ರಕಾರ ಅಧ್ಯಕ್ಷ ಸ್ಥಾನ ತೆರವಾದರೆ ತಾತ್ಕಾಲಿಕ ಹೊಣೆ ಸ್ಪೀಕರ್‌ಗೆ, ಸಂಸತ್ತು ವಿಸರ್ಜನೆಯಾಗಿದ್ದರೆ ಸಾಂವಿಧಾನಿಕ ನ್ಯಾಯಾಲಯದ ಮುಖ್ಯಸ್ಥರಿಗೆ. 60 ದಿನಗಳೊಳಗೆ ಹೊಸ ಅಧ್ಯಕ್ಷರ ಆಯ್ಕೆ ಆಗಬೇಕು. ಜೊತೆಗೊಂದು ಷರತ್ತು: ಹಾಗೆ ಹಂಗಾಮಿಯಾದವರು ಸ್ವತಃ ಅಭ್ಯರ್ಥಿಯಾಗುವಂತಿಲ್ಲ.

ಈ ಷರತ್ತನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಕುರ್ಚಿಯಲ್ಲಿ ಕುಳಿತವರು ಸ್ಪರ್ಧಿಸುವಂತಿಲ್ಲ. ಕುಳಿತುಕೊಳ್ಳದ ಉಪಾಧ್ಯಕ್ಷರಿಗೆ ಅಡ್ಡಿಯಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಬಡಿಸಲು ನಿಂತವನಿಗೆ ಆ ಪಂಕ್ತಿಯಲ್ಲಿ ಎಲೆ ಇಲ್ಲದಂತೆ. ಹಾಗಾಗಿ ಉಪಾಧ್ಯಕ್ಷ ಪದವಿಯಿಂದ ಮುಬಾರಕ್ ಅವರಿಗೆ ಸಿಕ್ಕಿದ್ದು ಉತ್ತರಾಧಿಕಾರದ ಹಕ್ಕಲ್ಲ, ಎಲ್ಲರ ಕಣ್ಣಮುಂದಿನ ಸ್ಥಾನ. ಉಳಿದದ್ದನ್ನು 76ನೇ ವಿಧಿ ಮಾಡಿತು: ಸಂಸತ್ತು ಮೂರನೇ ಎರಡರಷ್ಟು ಬಹುಮತದಿಂದ ಒಬ್ಬರನ್ನು ಸೂಚಿಸಬೇಕು, ಜನಮತಗಣನೆಯಲ್ಲಿ ಜನರು ‘ಹೌದು’ ಅಥವಾ ‘ಇಲ್ಲ’ ಎನ್ನಬೇಕು. ಅಕ್ಟೋಬರ್ 13ರಂದು ಮತದಾನ, ಒಬ್ಬರೇ ಅಭ್ಯರ್ಥಿ, ಅಧಿಕೃತ ಲೆಕ್ಕದಲ್ಲಿ ಶೇ. 98ಕ್ಕೂ ಹೆಚ್ಚು ‘ಹೌದು’, 14ರಂದು ಪ್ರಮಾಣವಚನ. ನಮ್ಮಲ್ಲಿ ಇಂಥ ಷರತ್ತಿಲ್ಲ: 1969ರಲ್ಲಿ ವಿ.ವಿ. ಗಿರಿ ಹಂಗಾಮಿಯಾಗಿದ್ದು, ರಾಜೀನಾಮೆ ಕೊಟ್ಟು, ಸ್ಪರ್ಧಿಸಿ ಗೆದ್ದರು.

ಈ ವಿಧಿ ತಿಳಿದಿದ್ದರೆ ಮುಂದಿನದ್ದೂ ಸ್ಪಷ್ಟವಾಗುತ್ತದೆ. ಮುಬಾರಕ್ ಸುಮಾರು ಮೂರು ದಶಕ ಉಪಾಧ್ಯಕ್ಷರನ್ನೇ ನೇಮಿಸಲಿಲ್ಲ. ಸಂವಿಧಾನ ಅದನ್ನು ಕಡ್ಡಾಯ ಮಾಡಿರಲಿಲ್ಲ. ತಾವು ಹತ್ತಿದ ಏಣಿಯನ್ನು ಮೇಲಕ್ಕೆ ಎಳೆದುಕೊಂಡರು ಎಂದೇ ನನಗೆ ಅನಿಸುತ್ತದೆ. 2011ರ ಜನವರಿ 29ರಂದು, ಬೀದಿಗಳು ಪ್ರತಿಭಟನಕಾರರಿಂದ ತುಂಬಿದ್ದಾಗ, ಗುಪ್ತಚರ ಮುಖ್ಯಸ್ಥ ಒಮರ್ ಸುಲೇಮಾನ್ ಅವರನ್ನು ಆ ಹುದ್ದೆಗೆ ನೇಮಿಸಿದರು. ಫೆಬ್ರುವರಿ 11ರಂದು ಪದತ್ಯಾಗದ ಸುದ್ದಿಯನ್ನು ಟಿ.ವಿ.ಯಲ್ಲಿ ಓದಿದವರೂ ಸುಲೇಮಾನ್ ಅವರೇ. ಆ ದಿನ ಅಧಿಕಾರ ಸ್ಪೀಕರ್‌ಗೆ ಹೋಗಲಿಲ್ಲ, ಸೇನೆಯ ಸರ್ವೋಚ್ಚ ಮಂಡಳಿಗೆ ಹೋಯಿತು. 84ನೇ ವಿಧಿ 1981ರಲ್ಲಿ ಪಾಲನೆಯಾಯಿತು, 2011ರಲ್ಲಿ ಬದಿಗೆ ಸರಿಯಿತು: ಹತ್ತು ಅಂಕದ ಉತ್ತರಕ್ಕೆ ಈ ಹೋಲಿಕೆಯೇ ತಿರುಳು.

ಸಿರಿಯಾದ ಹಫೀಜ್ ಅಲ್ ಅಸ್ಸಾದ್ ಕೂಡ ವಾಯುಪಡೆಯವರು, ಆದರೆ ‘ಕೊಟ್ಟವರು ಯಾರು?’ ಎಂಬ ಉಪಾಯ ಅಲ್ಲಿ ಕೊನೆಯವರೆಗೆ ನಡೆಯುವುದಿಲ್ಲ. 1966ರಲ್ಲಿ ರಕ್ಷಣಾ ಸಚಿವ, 1970ರ ನವೆಂಬರ್‌ನಲ್ಲಿ ಕ್ಷಿಪ್ರಕ್ರಾಂತಿ, 1971ರಲ್ಲಿ ಅಧ್ಯಕ್ಷ. ವಾಯುಪಡೆಯವರೇ ಆದ ಬೊಲಿವಿಯಾದ ಬರಿಯೆಂಟೋಸ್ ಚುನಾವಣೆ, ದಂಗೆ ಎರಡನ್ನೂ ಬೆರೆಸಿದರು: 1964ರಲ್ಲಿ ಚುನಾಯಿತ ಉಪಾಧ್ಯಕ್ಷರಾಗಿ, ಅದೇ ವರ್ಷ ತಮ್ಮ ಅಧ್ಯಕ್ಷರನ್ನೇ ಇಳಿಸಿದರು.

ನಮ್ಮ ವಾಯುಪಡೆಯ ಮಾಜಿ ಮುಖ್ಯಸ್ಥರಲ್ಲಿ ಓ.ಪಿ. ಮೆಹ್ರಾ ಮತ್ತು ಇದ್ರಿಸ್ ಹಸನ್ ಲತೀಫ್ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದರು, ಅರ್ಜನ್ ಸಿಂಗ್ ದೆಹಲಿಯ ಉಪರಾಜ್ಯಪಾಲರಾಗಿದ್ದರು. ಇವೂ ಮೇಲಿನವರು ಕೊಟ್ಟ ಹುದ್ದೆಗಳೇ, ಆದರೆ ನಿವೃತ್ತಿಯ ನಂತರ ಚುನಾಯಿತ ಸರ್ಕಾರ ಕೊಟ್ಟವು. ಉತ್ತರಪತ್ರಿಕೆಯಲ್ಲಿ ಇವರನ್ನು ಮುಬಾರಕ್ ಅವರ ಸಾಲಿನಲ್ಲಿ ಕೂರಿಸಬೇಡಿ. ಪ್ರತ್ಯೇಕ ಪ್ಯಾರಾ ಕೊಡಿ.