ಚಿತ್ರಕ್ಕೆ ಮೊದಲು ಬಟ್ಟೆ ನೋಡಿ

ಚಾರಣದ ಬ್ಯಾಗಿಗೋ ಟೆಂಟಿಗೋ ಚಿತ್ರ ಬಿಡಿಸಿಕೊಡಿ ಅಂತ ಬರುವವರು ಮೊದಲು ಮೊಬೈಲ್ ತೆಗೆದು ಚಿತ್ರ ತೋರಿಸುತ್ತಾರೆ. ನಾನು ಮೊದಲು ಬಟ್ಟೆ ಮುಟ್ಟಿ ನೋಡುತ್ತೇನೆ. ಅದರ ಮೇಲಿರುವ ಲೇಪಕ್ಕೆ ಹೊಂದದ ಬಣ್ಣ ಹಚ್ಚಿದರೆ, ಚಿತ್ರ ಎಷ್ಟೇ ಚೆಂದ ಇರಲಿ, ಹಪ್ಪಳದ ಹಾಗೆ ಎದ್ದು ಬರುತ್ತದೆ.

ಹತ್ತಿಯ ಕ್ಯಾನ್ವಾಸ್ ಆದರೆ ಕಷ್ಟವಿಲ್ಲ. ಹೊಸದರಲ್ಲಿ ಗಂಜಿ ಇರಬಹುದು, ಒಮ್ಮೆ ಒಗೆದು ಒಣಗಿಸಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಫೆವಿಕ್ರಿಲ್ ಥರದ ಬಟ್ಟೆ ಬಣ್ಣ ಸಾಕು. ತೆಳುವಾಗಿ ಎರಡು ಕೋಟ್ ಕೊಟ್ಟು, ಪೂರ್ತಿ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿ. ಮೇಣ ಹಚ್ಚಿದ ಕ್ಯಾನ್ವಾಸನ್ನು ಮಾತ್ರ ಬಿಟ್ಟುಬಿಡಿ.

ಪೇಚಾಟ ಇರುವುದು ಪಾಲಿಯೆಸ್ಟರ್, ನೈಲಾನ್ ಟೆಂಟ್‌ಗಳಲ್ಲಿ. ಸಾಮಾನ್ಯವಾಗಿ ಇವುಗಳ ಒಳಬದಿಗೆ ನೀರು ತಡೆಯುವ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಲೇಪ ಇರುತ್ತದೆ. ತುಂಬ ಹಗುರವಾದ, ದುಬಾರಿ ಟೆಂಟ್‌ಗಳಲ್ಲಿ ರಬ್ಬರಿನಂಥ ಸಿಲಿಕೋನ್ ಲೇಪ ಇರುವುದುಂಟು. ಕಂಡುಹಿಡಿಯಲು ಹೊರಬದಿಗೆ ಒಂದು ತುಂಡು ಸೆಲ್ಲೋ ಟೇಪ್ ಅಂಟಿಸಿ. ಹಿಡಿಯದೆ ಸುಮ್ನೆ ಕಳಚಿ ಬಂದರೆ ಅದು ಸಿಲಿಕೋನ್ ಎಂದುಕೊಳ್ಳಿ.

ಸಿಲಿಕೋನ್ ಮೇಲೆ ನಿಲ್ಲುವುದು ಸಿಲಿಕೋನ್ ಮಾತ್ರ. ಅಕ್ರಿಲಿಕ್ ಬಣ್ಣ ಹಚ್ಚಿದರೆ ಒಣಗಿದ ಮೇಲೆ ಉಗುರು ತಾಗಿಸಿದರೂ ಹಾಳೆಯ ಹಾಗೆ ಕಿತ್ತು ಬರುತ್ತದೆ. ಅದಕ್ಕೇ ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಸಿಲಿಕೋನ್ ಸೀಲೆಂಟ್ ತಂದು, ಚೂರು ಆಯಿಲ್ ಕಲರ್ ಬೆರೆಸಿ, ಮಿನರಲ್ ಟರ್ಪೆಂಟೈನ್ ಹಾಕಿ ತೆಳು ಮಾಡಿ ಕುಂಚದಲ್ಲಿ ಹಚ್ಚಬೇಕು. ಬೇಗ ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ. ವಾಸನೆ ಜಾಸ್ತಿ, ಮನೆಯೊಳಗೆ ಬೇಡ.

ಪಾಲಿಯುರೆಥೇನ್ ಟೆಂಟಿಗೆ ಹೊರಬದಿಯಲ್ಲೇ ಬಿಡಿಸಿ. ಚಿತ್ರ ಬರುವ ಜಾಗವನ್ನು ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ (ಬೇಗ ಆರುವ ಒಂದು ಸ್ಪಿರಿಟ್) ಹಗುರವಾಗಿ ಒರೆಸಿ, ಆಮೇಲೆ ಅಕ್ರಿಲಿಕ್ ಹಚ್ಚಿ. ಥಿನ್ನರ್, ಅಸಿಟೋನ್ ಹತ್ತಿರವೂ ತರಬೇಡಿ. ಇಸ್ತ್ರಿಯೂ ಬೇಡ. ನೈಲಾನ್ 6 ಕರಗುವುದು ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ, ಆದರೆ ಲೇಪ ಅದಕ್ಕಿಂತ ಎಷ್ಟೋ ಮೊದಲೇ ಕೆಡುತ್ತದೆ. ಹೊಲಿಗೆಯ ಸಾಲು, ಮಡಿಕೆ ಬೀಳುವ ಕಡೆ ಬಿಟ್ಟು ಉಳಿದಲ್ಲಿ ಬಿಡಿಸಿ. ಬ್ಯಾಗ್ ಆದರೆ ಮುಂದಿನ ಜೇಬು, ಮೇಲಿನ ಮುಚ್ಚಳ ಒಳ್ಳೆಯ ಜಾಗ. ಬೆನ್ನಿಗೆ ತಾಗುವ ಕಡೆ ಬೆವರು, ಉಜ್ಜಾಟ ಎರಡೂ ಇರುತ್ತವೆ.

ಬಣ್ಣ ಆರಿಸುವಾಗ ಬಿಸಿಲನ್ನು ಲೆಕ್ಕಕ್ಕೆ ತಗೊಳ್ಳಿ. ಫ್ಲೋರೆಸೆಂಟ್ ಬಣ್ಣಗಳು ಬೇಗ ಮಾಸುತ್ತವೆ. ಸಾಮಾನ್ಯ ಮಾರ್ಕರ್ ಪೆನ್ನಿನದ್ದೂ ಅದೇ ಕಥೆ. ಕಬ್ಬಿಣದ ಆಕ್ಸೈಡಿನ ಕೆಂಪು, ಕಂದು, ಹಳದಿ, ಜೊತೆಗೆ ಕಾರ್ಬನ್ ಕಪ್ಪು, ಟೈಟಾನಿಯಂ ಬಿಳಿ ಬಿಸಿಲಿಗೆ ಜಗ್ಗುವುದಿಲ್ಲ. ಕರಾವಳಿಯ ಹಳೆಯ ಗುಡಿಗಳ ಗೋಡೆಯಲ್ಲಿ ಕಾವಿ ಚಿತ್ರ ನೋಡಿದ್ದೀರಿ ಅಲ್ವಾ? ಆ ಕೆಂಪು ಕೂಡ ಕಬ್ಬಿಣದ ಮಣ್ಣಿನದ್ದೇ. ಟೆಂಟ್ ಬಾಗಿಲಿಗೆ ಕಾವಿ ಬಳ್ಳಿ ಬಿಡಿಸುವುದೆಂದರೆ ನನಗೆ ಬಲು ಇಷ್ಟ. ಕೆಂಪು, ಬಿಳಿ ಎರಡೇ ಬಣ್ಣ, ದೂರದಿಂದಲೂ ಎದ್ದು ಕಾಣುತ್ತದೆ.

ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಬಂಡೆ ಹತ್ತುವ ಹಗ್ಗ, ಸೊಂಟಕ್ಕೆ ಕಟ್ಟುವ ಹಾರ್ನೆಸ್ ಪಟ್ಟಿ, ಸ್ಲಿಂಗ್ ಎಂಬ ಪಟ್ಟಿಯ ಕುಣಿಕೆ, ಇವುಗಳ ಮೇಲೆ ಒಂದು ಚುಕ್ಕೆಯನ್ನೂ ಇಡುವುದಿಲ್ಲ. ಮಾರ್ಕರ್ ಪೆನ್ನಿನ ದ್ರವ ತಾಗಿದ ಹಗ್ಗದ ಬಲ, ಅಂದರೆ ಬಿದ್ದವರ ಹೊಡೆತ ತಡೆಯುವ ಶಕ್ತಿ, ಶೇ 50ರವರೆಗೂ ಇಳಿಯಬಹುದು ಎಂದು ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟ ಯುಐಎಎ ಪರೀಕ್ಷೆಗಳ ಆಧಾರದ ಮೇಲೆ ಎಚ್ಚರಿಸಿದೆ. ಹಗ್ಗಕ್ಕೆಂದೇ ಮಾರುವ ಪೆನ್ನುಗಳೂ ಆ ಎಚ್ಚರಿಕೆಯಲ್ಲಿ ಸೇರಿದ್ದವು. ಹೆಸರು ಬೇಕೇ ಬೇಕಿದ್ದರೆ ಹಾರ್ನೆಸ್ ಇಡುವ ಚೀಲದ ಮೇಲೆ ಬರೆದುಕೊಡುತ್ತೇನೆ.

ಬಿಡಿಸಿದ ಟೆಂಟನ್ನು ಕನಿಷ್ಠ ಒಂದು ವಾರ ಮಡಿಸಬೇಡಿ. ಅಕ್ರಿಲಿಕ್ ಬಣ್ಣ ಮೇಲ್ಗಡೆ ಮುಟ್ಟಿದರೆ ಒಣಗಿದಂತೆ ಇದ್ದರೂ ಒಳಗೆ ಹಸಿ ಇರುತ್ತದೆ. ಆಮೇಲೂ ಸೆಕೆಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಬಣ್ಣಕ್ಕೆ ಬಣ್ಣ ಅಂಟುತ್ತದೆ. ಚಿತ್ರದ ಮೇಲೆ ಒಂದಿಷ್ಟು ಟಾಲ್ಕಂ ಪೌಡರ್ ಸವರಿ, ಬಟರ್ ಪೇಪರ್ ಇಟ್ಟು, ಸಡಿಲವಾಗಿ ಸುತ್ತಿ.